ಬಂಡವಾಳ ತಂದವರಿಗೆ ನೆಲೆಯೂ ಕೊಡಬೇಕೆ?

ನಾಶಿಕ್ ಜಿಲ್ಲೆಯ ದಿಂಡೋರಿ ದ್ರಾಕ್ಷಿಯ ತಾಲ್ಲೂಕು. ಫ್ರಾನ್ಸಿನ ಮೊಯೆ ಹೆನೆಸಿಯ ಶಾಂಡೊನ್ ವೈನರಿ ಇಲ್ಲಿದೆ. ಯುರೋಪಿಗೆ ದ್ರಾಕ್ಷಿ ಕಳಿಸುವ ರೈತರ ಕಂಪನಿ ಸಹ್ಯಾದ್ರಿ ಫಾರ್ಮ್ಸ್ ಇದೇ ತಾಲ್ಲೂಕಿನ ಮೋಹಾಡಿಯಲ್ಲಿದೆ. ಅತ್ತ ಛತ್ರಪತಿ ಸಂಭಾಜಿನಗರದಲ್ಲಿ ಸ್ಕೋಡಾ ಕಾರ್ಖಾನೆ. ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕೂಡ 2024ರ ಜುಲೈನಲ್ಲಿ ಅಲ್ಲಿ ಸುಮಾರು 20,000 ಕೋಟಿ ರೂಪಾಯಿ ಹೂಡುವ ಒಡಂಬಡಿಕೆಗೆ ಸಹಿ ಹಾಕಿತು. ಹಣ ಬಂದಲ್ಲಿಗೆ ಹಣದವರೂ ಬರುತ್ತಾರೆ. ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿದ ಯೋಜನೆಯಂತೆ, 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ಹೂಡಿ, ವರ್ಷವರ್ಷವೂ ಕನಿಷ್ಠ 20 ಭಾರತೀಯರಿಗೆ ಕೆಲಸ ಕೊಡುವ ವಿದೇಶಿಯರಿಗೆ 10 ವರ್ಷದ ನಿವಾಸದ ಹಕ್ಕು ಸಿಗುತ್ತದೆ. ಈ ಮಿತಿಯನ್ನು ಇಳಿಸಿ, ಸಣ್ಣ ಹೂಡಿಕೆಯವರಿಗೂ ಆ ಹಕ್ಕು ಕೊಡಬೇಕೆ?

ಪರ

ಕೊಡಬೇಕು. ಹಣ ಬ್ಯಾಂಕಿನ ಮೂಲಕ ಬಂದೀತು, ಕೈಕಸುಬು ಬರುವುದಿಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ ಕಂವಲ್ ಗ್ರೋವರ್ ವೈನ್ ದ್ರಾಕ್ಷಿ ಬೆಳೆಯಹೊರಟಾಗ ಜೊತೆಗಿದ್ದವರು ಫ್ರಾನ್ಸಿನ ಜಾರ್ಜ್ ವೆಸೆಲ್. ನಾಶಿಕ್‌ನಲ್ಲಿ ಸುಲಾ ಕಟ್ಟಿದ ರಾಜೀವ್ ಸಾಮಂತ್ ಅವರಿಗೆ ಕ್ಯಾಲಿಫೋರ್ನಿಯಾದ ಕೆರಿ ಡ್ಯಾಮ್‌ಸ್ಕಿ ನೆರವಾದರು. ಎಷ್ಟು ಕಣ್ಣು ಬಿಟ್ಟು ಚಾಟ್ನಿ ಮಾಡಬೇಕು (ಬಳ್ಳಿ ಸವರಬೇಕು), ಯಾವ ಹೊತ್ತಿಗೆ ಗೊನೆ ಕೊಯ್ಯಬೇಕು ಎಂಬುದನ್ನು ಬಳ್ಳಿಯ ಬುಡದಲ್ಲಿ ನಿಂತೇ ಕಲಿಸಬೇಕು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಸಿಕ್ಕಿತೆಂದು ಯುರೋಪು ನಮ್ಮ ದ್ರಾಕ್ಷಿಯನ್ನು ತಿರಸ್ಕರಿಸಿದಾಗ ಬೆಳೆಗಾರರು ನೆಲ ಕಚ್ಚಿದ್ದು ನೆನಪಿದೆಯಲ್ಲ? ಅಲ್ಲಿನ ಮಾರುಕಟ್ಟೆ ಬಲ್ಲವನೊಬ್ಬ ಇಲ್ಲೇ ಪ್ಯಾಕ್‌ಹೌಸ್ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದರೆ, ಔಷಧ ಹೊಡೆಯುವ ಮೊದಲೇ ಬೇಡ ಎನ್ನುತ್ತಿದ್ದ.

ಅಂಥವನ ಬಳಿ 10 ಕೋಟಿ ಇರುವುದಿಲ್ಲ. ಅವನಿಗೆ ಈಗ ಸಿಗುವುದು ಬಿಸಿನೆಸ್ ವೀಸಾ. ಸಾಮಾನ್ಯವಾಗಿ ಐದು ವರ್ಷದವರೆಗಿನದು. ಹೆಂಡತಿ ಮಕ್ಕಳನ್ನು ಕರೆತಂದು ಮೂರನೇ ವರ್ಷ ಕಾಯಿ ಬಿಡುವ ತೋಟಕ್ಕೆ ಸಾಲ ಮಾಡುವ ಧೈರ್ಯ ಅದರಿಂದ ಬಂದೀತೇ?

ಇನ್ನೊಂದು ಮಾತು ನಮ್ಮವರದ್ದು. ಅಮೆರಿಕದಲ್ಲಿ ಸಣ್ಣ ಹೂಡಿಕೆಯಿಂದ ಹೋಟೆಲನ್ನೋ ಅಂಗಡಿಯನ್ನೋ ನಡೆಸಲು ಇ-2 ಎಂಬ ವೀಸಾ ಇದೆ. ಒಪ್ಪಂದವಿರುವ ದೇಶದವರಿಗೆ ಮಾತ್ರ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ! ಹೀಗಾಗಿ ದಾವಣಗೆರೆಯವರೊಬ್ಬರು ಅಲ್ಲಿ ದೋಸೆ ಹೋಟೆಲ್ ಇಡಬೇಕೆಂದರೆ ಆ ದಾರಿ ಮುಚ್ಚಿದೆ. ಹೂಡಿಕೆಯ ಇನ್ನೊಂದು ಬಾಗಿಲಾದ ಇಬಿ-5ಕ್ಕೆ ಕನಿಷ್ಠ 8 ಲಕ್ಷ ಡಾಲರ್ ಬೇಕು. ನಾವು ಬಾಗಿಲು ತೆರೆಯದೆ ಅವರ ಬಾಗಿಲು ಬಡಿದರೆ ಯಾರು ಓಗೊಡುತ್ತಾರೆ?

ವಿರೋಧ

ಇ-2 ಉದಾಹರಣೆ ಕೊಟ್ಟದ್ದು ಒಳ್ಳೆಯದಾಯಿತು, ಅದು ನನ್ನ ವಾದಕ್ಕೇ ಬರುತ್ತದೆ. ಇ-2 ಕಾಯಂ ನಿವಾಸದ ಹಕ್ಕಲ್ಲ. ವ್ಯಾಪಾರ ನಡೆಯುವವರೆಗೆ ಇರು, ನಿಂತರೆ ಹೊರಡು ಎನ್ನುವ ವೀಸಾ. ನಾನು ಹೇಳುವುದೂ ಅಷ್ಟೇ. ಕೆಲಸಕ್ಕೆ ವೀಸಾ ಕೊಡಿ, ಹಣಕ್ಕೆ ನೆಲೆ ಮಾರಬೇಡಿ.

ಕೈಕಸುಬಿನ ಮಾತು ಬಂತು. ದಿಂಡೋರಿಯ ಪಕ್ಕದ ಓಝರ್‌ನಲ್ಲಿ ಬೆಂಗಳೂರಿನ ಎಚ್‌ಎಎಲ್ 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ಮಿಗ್-21 ಕಟ್ಟಲು ಕಾರ್ಖಾನೆ ತೆರೆಯಿತು. ವಿಮಾನ ಕಟ್ಟುವುದಕ್ಕಿಂತ ದ್ರಾಕ್ಷಿ ಬೆಳೆಯುವುದು ಕಷ್ಟದ ವಿದ್ಯೆಯೇನಲ್ಲ. ವಿಮಾನ ಕಟ್ಟುವುದನ್ನು ಕಲಿಸಿಕೊಟ್ಟವರಿಗೆ ನಾವು ನಾಶಿಕ್‌ನಲ್ಲಿ ಕಾಯಂ ನೆಲೆ ಕೊಡಬೇಕಾಗಿ ಬರಲಿಲ್ಲ.

ಬಂಡವಾಳದ ಕಥೆಯಂತೂ ಮೋಹಾಡಿಯಲ್ಲೇ ಇದೆ. 2022ರಲ್ಲಿ ಸಹ್ಯಾದ್ರಿ ಫಾರ್ಮ್ಸ್‌ಗೆ ನೆದರ್ಲೆಂಡ್ಸ್‌ನ ಎಫ್‌ಎಂಒ, ಫ್ರಾನ್ಸಿನ ಪ್ರೊಪಾರ್ಕೊ, ಬೆಲ್ಜಿಯಂನ ಇನ್‌ಕೊಫಿನ್ ಮತ್ತು ಕೋರಿಸ್ ಸೇರಿ 310 ಕೋಟಿ ರೂಪಾಯಿ ಹೂಡಿದವು. ಹೂಡುವ ಮೊದಲು ಅವು ನೋಡಿದ್ದು ವಿಲಾಸ್ ಶಿಂಧೆ ಮತ್ತು ರೈತರು ಕಟ್ಟಿದ ಸಂಸ್ಥೆಯನ್ನು. ದಿಂಡೋರಿಯಲ್ಲಿ ಮನೆ ಕೊಡುತ್ತೀರಾ ಎಂದು ಯಾರೂ ಕೇಳಲಿಲ್ಲ. ಲಾಭದ ವಾಸನೆ ಇದ್ದಲ್ಲಿಗೆ ಹಣ ತಾನೇ ಬರುತ್ತದೆ.

ಹಣಕ್ಕೆ ನೆಲೆ ಮಾರಿದ ದೇಶಗಳು ಏನಾದವು? ಬ್ರಿಟನ್ ತನ್ನ ಹೂಡಿಕೆದಾರರ ವೀಸಾವನ್ನು 2022ರ ಫೆಬ್ರವರಿಯಲ್ಲಿ ಮುಚ್ಚಿತು, ಐರ್ಲೆಂಡ್ ಮರುವರ್ಷ. ಐದು ಲಕ್ಷ ಯೂರೊಗೆ ಮನೆ ಕೊಂಡವರಿಗೆ ವೀಸಾ ಕೊಡುತ್ತಿದ್ದ ಸ್ಪೇನ್, ಮನೆಗಳ ಬೆಲೆ ಊರವರ ಕೈಗೆಟುಕುತ್ತಿಲ್ಲವೆಂದು 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಅವರು ಕೈ ಸುಟ್ಟುಕೊಂಡ ಮೇಲೆ ನಾವು ಒಲೆಗೆ ಕೈ ಇಡುವುದೇಕೆ?

ಭೂಮಿಯ ವಿಚಾರ ನನ್ನನ್ನು ಹೆಚ್ಚು ಕಾಡುತ್ತದೆ. ದಿಂಡೋರಿ ಆದಿವಾಸಿಗಳು ದೊಡ್ಡ ಸಂಖ್ಯೆಯಲ್ಲಿರುವ ತಾಲ್ಲೂಕು. ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಆದಿವಾಸಿಯ ಜಮೀನು ಸರ್ಕಾರದ ಅನುಮತಿಯಿಲ್ಲದೆ ಬೇರೆಯವರಿಗೆ ಹೋಗುವಂತಿಲ್ಲ. ವಿದೇಶಿ ಪ್ರಜೆ ಕೃಷಿಭೂಮಿ ಕೊಳ್ಳುವಂತಿಲ್ಲ. ಕಾನೂನು ಹೀಗಿದ್ದರೂ, ಕೈಯಲ್ಲಿ ಹಣ, ಬೆನ್ನಿಗೆ ಕಂಪನಿ, ಜೊತೆಗೆ ಕಾಯಂ ವಿಳಾಸವಿರುವವನು ಬೇನಾಮಿ ದಾರಿ ಹುಡುಕದೇ ಇರುತ್ತಾನೆಯೇ? ನಮ್ಮ ರಾಜ್ಯದಲ್ಲೇ 2020ರಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿದ ಮೇಲೆ ಜಮೀನು ಯಾರ ಕೈಗೆ ಹೋಗುತ್ತಿದೆ ಎಂದು ದೇವನಹಳ್ಳಿ ಕಡೆಯ ರೈತರನ್ನು ಕೇಳಿ ನೋಡಿ.

ಮಿತಿ ಇಳಿದರೆ ಮೊದಲು ಸಡಿಲವಾಗುವುದು 20 ಜನರಿಗೆ ಕೆಲಸ ಎಂಬ ಷರತ್ತು. ಸಣ್ಣ ಅಂಗಡಿಯವನು ಅಷ್ಟು ಸಂಬಳ ಎಲ್ಲಿಂದ ತರುತ್ತಾನೆ? ಆದ್ದರಿಂದ ಸರ್ಕಾರ 10 ಕೋಟಿಯ ಗೆರೆಯನ್ನು ಮುಟ್ಟಬಾರದು. ಬಿಸಿನೆಸ್ ವೀಸಾದ ನವೀಕರಣ ಸುಲಭವಾಗಲಿ, ವಿದೇಶಿಯರ ನೋಂದಣಿ ಕಚೇರಿಯ ಅಲೆದಾಟ ತಪ್ಪಲಿ, ಅಮೆರಿಕದ ಜೊತೆ ವ್ಯಾಪಾರದ ಮಾತುಕತೆಗೆ ಕೂತಾಗ ಇ-2 ವಿಷಯವನ್ನೂ ಮೇಜಿನ ಮೇಲೆ ಇಡಲಿ.