ತೇರು ನಿಂತ ಮರುದಿನ



ನಮ್ಮ ನಾಡಿನಲ್ಲಿ ಇಂದು ಉತ್ಸವಗಳಿಗೆ ಕೊರತೆಯಿಲ್ಲ. ಮೈಸೂರಿನ ದಸರಾ, ಹಂಪಿಯ ಉತ್ಸವ, ಬನವಾಸಿಯ ಕದಂಬೋತ್ಸವ, ಹೀಗೆ ಒಂದೊಂದು ಊರೂ ತನ್ನ ಇತಿಹಾಸದ ಹೆಸರಿನಲ್ಲಿ ವೇದಿಕೆ ಕಟ್ಟಿ ದೀಪ ಬೆಳಗಿಸುತ್ತಿದೆ. ಚಿತ್ರದುರ್ಗದಲ್ಲಿ ದುರ್ಗೋತ್ಸವವು ವರ್ಷ ತಪ್ಪದೆ ನಡೆಯಬೇಕೆಂಬ ಬೇಡಿಕೆಯೂ ಆಗಾಗ ಕೇಳಿಬರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರುಗಳಿಗೂ ಅಂಥದೊಂದು ಪರಂಪರೆಯ ಉತ್ಸವ ಬೇಡವೇ ಎಂದು ಕೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಹೊಸದೊಂದನ್ನು ಬೇಡುವ ಮೊದಲು, ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಜಾತ್ರೆಗಳ ಮೂಲದಲ್ಲಿ ಏನಿತ್ತು, ತೇರು ನಿಂತ ಮರುದಿನ ಊರಿಗೆ ಏನು ಉಳಿಯುತ್ತದೆ ಎಂಬುದನ್ನು ಚಿಂತಿಸುವುದು ಉಚಿತ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳ ಜಾತ್ರೆಯನ್ನು ಅರಿಯದವರು ಈ ಭಾಗದಲ್ಲಿ ಇಲ್ಲ. ಫಾಲ್ಗುಣ ಮಾಸದ ದೊಡ್ಡ ರಥೋತ್ಸವಕ್ಕೆ ನೆರೆಯ ಆಂಧ್ರದಿಂದಲೂ ಭಕ್ತರು ಬರುತ್ತಾರೆ. ಒಳಮಠ, ಹೊರಮಠಗಳ ನಡುವಿನ ದಾರಿ ಜನಸಾಗರವಾಗುತ್ತದೆ. ಕೊಬ್ಬರಿ ಸುಡುವ ಹರಕೆಯ ಹೊಗೆ ಊರನ್ನೆಲ್ಲ ಆವರಿಸುತ್ತದೆ. ಇಷ್ಟು ಜನರನ್ನು ಇಷ್ಟು ಕಾಲ ಸೆಳೆದ ಆ ಮಹಾತ್ಮರು ಈ ನೆಲದಲ್ಲಿ ಮಾಡಿದ್ದಾದರೂ ಏನು? ಜನರ ನೆನಪು ಕೊಡುವ ಉತ್ತರ ಸರಳವಾದುದು: ಅವರು ಕೆರೆಗಳನ್ನು ಕಟ್ಟಿಸಿದರು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಇಲ್ಲಿ ಅದಕ್ಕಿಂತ ದೊಡ್ಡ ಪವಾಡ ಬೇರೊಂದಿರಲಾರದು. ಮಾಡಿದವನಿಗೆ ಅವನು ಮಾಡಿದಷ್ಟು ಭಿಕ್ಷೆ ಸಲ್ಲಬೇಕೆಂಬ ಅವರ ನುಡಿ ಇಂದಿಗೂ ಜನರ ನಾಲಿಗೆಯ ಮೇಲಿದೆ. ದುಡಿಮೆಗೂ ಫಲಕ್ಕೂ ನಡುವೆ ಮೋಸವಿರಬಾರದು ಎಂಬುದೇ ಅದರ ತಿರುಳು. ಕಲ್ಯಾಣದ ಶರಣರು ಕಾಯಕವೆಂದು ಕರೆದುದನ್ನು ಸ್ವಾಮಿಗಳು ಕೆರೆಯ ಏರಿಯ ಮೇಲೆ ನಿಂತು ಆಚರಿಸಿ ತೋರಿದರೆಂದರೆ ತಪ್ಪಾಗಲಾರದು.

ಅಂದರೆ ಈ ಜಾತ್ರೆಯ ಮೂಲದಲ್ಲಿ ನೀರಿದೆ, ಮಣ್ಣು ಹೊತ್ತ ಕೈಗಳಿವೆ. ರಥವು ಆ ಕೈಗಳ ನೆನಪಿಗಾಗಿ ಎಳೆಯುವಂಥದು. ಇಂದು ಪತ್ರಿಕೆಗಳಲ್ಲಿ ಈ ಜಾತ್ರೆಯ ಸುದ್ದಿಯ ತಲೆಬರಹವಾಗುವುದು ಕೆರೆಯಲ್ಲ, ರಥ ಹೊರಡುವ ಮುನ್ನ ನಡೆಯುವ ಮುಕ್ತಿ ಬಾವುಟದ ಹರಾಜು. ಇತ್ತೀಚಿನ ವರ್ಷಗಳಲ್ಲಿ ಅದು ಹತ್ತಾರು ಲಕ್ಷ ರೂಪಾಯಿಗಳಿಗೆ ಏರಿದೆ. ಯಾರು ಕೂಗಿದರು, ಎಷ್ಟಕ್ಕೆ ಕೂಗಿದರು ಎಂಬುದೇ ಮರುದಿನದ ಮಾತು. ಭಕ್ತಿಯಿಂದ ಕೂಗುವವರ ಭಾವವನ್ನು ಅಳೆಯುವ ಅಧಿಕಾರ ನಮಗಿಲ್ಲ. ಆದರೂ ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯದೆ ಇರಲಾಗದು. ಪತಿ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಆ ತಾಯಿ ಸಂತೋಷಪಡಲಿಲ್ಲ. ಹೆಚ್ಚಾದುದನ್ನು ಮರಳಿ ಸುರಿದು ಬನ್ನಿರೆಂದು ಕಳುಹಿದರು. ಶಿವನಿಗೆ ಸಲ್ಲುವುದು ಮೊತ್ತವಲ್ಲ, ಅದರ ಹಿಂದಿನ ಶುದ್ಧಿ ಎಂಬುದು ಅವರ ನಿಲುವು. ಕೆರೆ ಕಟ್ಟಿಸಿದವರ ಹೆಸರಿನ ಬಾವುಟದಿಂದ ಬಂದ ಹಣದಲ್ಲಿ ಒಂದು ಗೊತ್ತಾದ ಪಾಲು ಪ್ರತಿವರ್ಷ ಕೆರೆಯ ಹೂಳೆತ್ತಲು, ಏರಿ ಭದ್ರಪಡಿಸಲು ಮೀಸಲಾಗಲಿ, ಅದರ ಲೆಕ್ಕ ಮುಂದಿನ ಜಾತ್ರೆಯ ದಿನ ರಥದ ಮುಂದೆಯೇ ಓದಲ್ಪಡಲಿ ಎಂಬುದು ನಮ್ಮ ವಿನಂತಿ. ಆಗ ಬಾವುಟ ಹಿಡಿದವರ ಕೀರ್ತಿ ಕುಗ್ಗುವುದಿಲ್ಲ, ಬೇಸಗೆಯಲ್ಲಿ ನೀರು ಕುಡಿಯುವ ದನಕರುಗಳೂ ಅವರನ್ನು ಹರಸುತ್ತವೆ.

ಇನ್ನು ಮೊಳಕಾಲ್ಮೂರಿನ ಕಡೆ ನೋಡೋಣ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಮೂರು ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವುಗಳನ್ನು ಲೋಕಕ್ಕೆ ಪರಿಚಯಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಶಾಸನದಲ್ಲಿ ಬರುವ ಇಸಿಲ ಎಂಬ ಊರು ಈ ನೆಲದ್ದೇ. ಬ್ರಾಹ್ಮೀ ಲಿಪಿಯ ಆ ಪ್ರಾಕೃತ ಬರಹ ಹೇಳುವುದೇನು? ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಬೇಕು, ಸತ್ಯವನ್ನು ನುಡಿಯಬೇಕು, ಗುರುವನ್ನು ಗೌರವಿಸಬೇಕು. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಪ್ರಯತ್ನದಿಂದ ಉನ್ನತಿ ಸಾಧ್ಯ. ಶರಣರಿಗಿಂತ ಸುಮಾರು 1400 ವರ್ಷ ಮೊದಲು ನಮ್ಮ ಬೆಟ್ಟದ ಬಂಡೆಯ ಮೇಲೆ ಮೂಡಿದ ಮಾತುಗಳಿವು. ದಯೆಯೇ ಧರ್ಮದ ಮೂಲವೆಂದು ನಂಬಿದ ನಮಗೆ ಇವು ಅನ್ಯವಾಗಿ ತೋರುವವೇ?

ಈ ಮೂರರಲ್ಲಿ ಜಟಿಂಗ ರಾಮೇಶ್ವರದ ಶಾಸನವೇ ಬಹಳ ಸವೆದುಹೋಗಿದೆ. ಕಾರಣವನ್ನು ವಿದ್ವಾಂಸರು ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಆ ಬಂಡೆಯನ್ನು ಜನ ಬಳೆಗಾರರ ಗುಂಡು ಎಂದು ಕರೆಯುತ್ತಿದ್ದರು. ವರ್ಷದ ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಅಂಗಡಿಯ ಗೂಟಗಳಿಗಾಗಿ ಬಂಡೆಯಲ್ಲಿ ಕುಳಿಗಳನ್ನೂ ಕೊರೆದಿದ್ದರು. ಆ ಬಳೆಗಾರರದು ತಪ್ಪಲ್ಲ. ಅವರಿಗೆ ಆ ಗೆರೆಗಳು ಅಕ್ಷರಗಳೆಂದು ಹೇಳಿದವರಿರಲಿಲ್ಲ. ಹೊಟ್ಟೆಪಾಡಿಗೆ ಕುಳಿತವರ ಕೆಳಗೆ ಚಕ್ರವರ್ತಿಯ ಮಾತು ವರ್ಷ ವರ್ಷವೂ ಅಳಿಯುತ್ತಾ ಹೋಯಿತು. ಇಂದು ನಮಗೆ ಓದಲು ಬರುತ್ತದೆ. ಬಂದ ಮೇಲೂ ಪರಂಪರೆಯ ಹೆಸರಿನಲ್ಲಿಯೇ ಪರಂಪರೆಯನ್ನು ತುಳಿಯುವಂಥ ಉತ್ಸವಗಳನ್ನು ಮಾಡಿದರೆ ನಮ್ಮ ಬಳಿ ಯಾವ ನೆಪವೂ ಉಳಿಯುವುದಿಲ್ಲ. ಸ್ಮಾರಕದ ಬದಿಯಲ್ಲಿಯೇ ಪೆಂಡಾಲಿನ ಗೂಟ ಹೊಡೆಯುವುದು, ಧ್ವನಿವರ್ಧಕದ ಅಬ್ಬರಕ್ಕೆ ಕೋಟೆಯ ಗೋಡೆಯನ್ನು ಹಿನ್ನೆಲೆಯ ಪರದೆಯಾಗಿಸುವುದು, ಮರುದಿನ ಪ್ಲಾಸ್ಟಿಕ್ ತಟ್ಟೆಗಳನ್ನು ಅಲ್ಲಿಯೇ ಬಿಟ್ಟು ಹೊರಡುವುದು, ಇವೆಲ್ಲ ಹೊಸ ಕಾಲದ ಬಳೆಗಾರರ ಗುಂಡುಗಳೇ ಆಗಿವೆ.

ಕುತೂಹಲದ ಸಂಗತಿಯೆಂದರೆ ಉತ್ಸವಗಳ ವಿಚಾರವನ್ನು ಅಶೋಕನೂ ಎತ್ತಿದ್ದಾನೆ. ಕರ್ನೂಲು ಜಿಲ್ಲೆಯ ಎರ್ರಗುಡಿಯೇ ಮೊದಲಾದೆಡೆ ಇರುವ ಅವನ ಮೊದಲನೆಯ ದೊಡ್ಡ ಬಂಡೆಶಾಸನದಲ್ಲಿ ಸಮಾಜ ಎಂಬ ಮಾತು ಬರುತ್ತದೆ. ಅಂದು ಅದಕ್ಕೆ ಜನ ನೆರೆಯುವ ಉತ್ಸವವೆಂಬ ಅರ್ಥವಿತ್ತು. ಅಂಥ ಕೂಟಗಳಲ್ಲಿ ಬಹಳ ದೋಷವನ್ನು ಕಾಣುತ್ತೇನೆಂದ ಅರಸು, ಕೆಲವು ಒಳ್ಳೆಯವೂ ಇವೆಯೆಂದು ಒಪ್ಪುತ್ತಾನೆ. ಎಲ್ಲವನ್ನೂ ನಿಲ್ಲಿಸಿರೆಂದು ಅವನು ಹೇಳಲಿಲ್ಲ. ಒಳಿತು ಕೆಡುಕುಗಳನ್ನು ಬೇರ್ಪಡಿಸಿ ನೋಡಿದ. ನಾವು ಮಾಡಬೇಕಾದುದೂ ಅದನ್ನೇ.

ಬಡವರಿಗೆ ವರ್ಷಕ್ಕೊಂದು ದಿನ ನಗಲು, ನಲಿಯಲು, ಮಕ್ಕಳ ಕೈಗೊಂದು ಪೀಪಿ ಕೊಡಿಸಲು ಜಾತ್ರೆ ಬೇಡವೇ, ಎಲ್ಲದರಲ್ಲಿಯೂ ಉಪದೇಶವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಬರದ ನಾಡಿನಲ್ಲಿ ಸಂತೋಷವೂ ಒಂದು ಬೆಳೆಯೇ. ಜಾತ್ರೆಯಲ್ಲಿ ಅಣ್ಣ ತಂಗಿಯನ್ನು ಕಾಣುತ್ತಾನೆ, ರೈತನಿಗೆ ಎತ್ತು ದೊರೆಯುತ್ತದೆ, ಹೆಣ್ಣಿಗೆ ಗಂಡು ಗೊತ್ತಾಗುತ್ತದೆ. ಜಾತ್ರೆ ನಿಂತರೆ ಊರು ಮೂಕವಾಗುತ್ತದೆ. ನಮ್ಮ ವಾದ ಸಂತೋಷದ ವಿರುದ್ಧವಲ್ಲ. ಜಾತ್ರೆಯಲ್ಲಿ ಬಂದವರೆಲ್ಲರೂ ಪಾಲುಗಾರರು. ಸರ್ಕಾರಿ ಮಾದರಿಯ ಉತ್ಸವದಲ್ಲಿ ಮುಂದಿನ ಸಾಲಿನವರು ಅತಿಥಿಗಳು, ಹಿಂದೆ ನಿಂತವರು ಬರಿಯ ನೋಟಕರು. ಈ ವ್ಯತ್ಯಾಸವೇ ನಮ್ಮನ್ನು ಕಾಡುವುದು.

ಈ ಮಾತಿಗೆ ಒಂದು ನಿದರ್ಶನ ಸಾಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಓದುಬರಹ ಅರಿಯದವರು. ಆದರೆ ಅವರ ಕಂಠದಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರರು ಅವುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನಿತ್ತಿತು. ಅಂಥ ಹಾಡುಗಾರ್ತಿಯರು ಹಟ್ಟಿಗಳಲ್ಲಿ ಇಂದಿಗೂ ಇದ್ದಾರೆ. ಉತ್ಸವದ ವೇದಿಕೆಗೆ ಅವರು ಬಂದರೆ ಮುಖ್ಯ ಅತಿಥಿಗಳು ಬರುವತನಕ ಸಮಯ ತುಂಬಲು ಹತ್ತು ನಿಮಿಷ ದೊರೆಯುತ್ತದೆ, ಇರುಳಿನ ಹೊತ್ತೆಲ್ಲ ದೂರದ ನಗರದಿಂದ ಬಂದ ವಾದ್ಯವೃಂದಕ್ಕೆ ಸಲ್ಲುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅದನ್ನು ನೇಯ್ದವನ ಹೆಸರನ್ನು ಮಾತ್ರ ವೇದಿಕೆಯ ಮೇಲೆ ಯಾರೂ ಕರೆಯುವುದಿಲ್ಲ. ಕಾಯಕಜೀವಿಗಳನ್ನು ಅನುಭವ ಮಂಟಪದಲ್ಲಿ ಸರಿಸಮವಾಗಿ ಕುಳ್ಳಿರಿಸಿದ ಪರಂಪರೆಯವರು ನಾವು. ನಮ್ಮ ಉತ್ಸವಗಳಲ್ಲಿ ಅವರು ನೆಲದ ಮೇಲೆ, ಅವರು ನೇಯ್ದ ಶಾಲು ಅತಿಥಿಗಳ ಹೆಗಲ ಮೇಲೆ ಎಂಬಂತಾಗಬಾರದು.

ಆದುದರಿಂದ ಚಳ್ಳಕೆರೆ, ಮೊಳಕಾಲ್ಮೂರುಗಳಿಗೆ ಉತ್ಸವ ಬೇಕಾದರೆ ಆಗಲಿ. ಅದು ಹಾಡುವವರನ್ನು, ನೇಯುವವರನ್ನು ಮೊದಲ ಸಾಲಿನಲ್ಲಿ ಕುಳ್ಳಿರಿಸಲಿ. ಶಾಲೆಯ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ದು ಶಾಸನದ ಸಾರವನ್ನು ಕನ್ನಡದಲ್ಲಿ ಓದಿಸಲಿ. ಅದರ ಖರ್ಚಿನಲ್ಲಿ ಒಂದು ಕೆರೆ ಮರುಹುಟ್ಟು ಪಡೆಯಲಿ. ಸದ್ಭಕ್ತರಾದ ತಾವೂ ಮುಂದಿನ ಜಾತ್ರೆಗೆ ಹೋಗುವಾಗ ಹಣ್ಣುಕಾಯಿಯೊಂದಿಗೆ ಒಂದು ಸಂಕಲ್ಪವನ್ನು ಒಯ್ಯಿರಿ: ತೇರೆಳೆದ ಕೈಗಳು ಮರುದಿನ ಕೆರೆಯಂಗಳದಿಂದ ಒಂದೊಂದು ಪುಟ್ಟಿ ಹೂಳನ್ನಾದರೂ ಎತ್ತಲಿ. ಹೂಳು ಹೊಲಕ್ಕೆ ಗೊಬ್ಬರವಾಗುತ್ತದೆ, ಕೆರೆಗೆ ನೀರು ನಿಲ್ಲುವ ಜಾಗವಾಗುತ್ತದೆ. ಸ್ವಾಮಿಗಳು ಕೇಳಿದ ಸೇವೆ ಇದೇ ಆಗಿರಬೇಕು.