ಅರಣ್ಯರೋದನವೋ ಆಪ್ತವಾಕ್ಯವೋ?

ಕೇಳುವವರಿಲ್ಲದ ಮೊರೆಯನ್ನು ಅರಣ್ಯರೋದನವೆಂದು ಕರೆಯುವುದು ಶಿಷ್ಟರ ವಾಡಿಕೆ. ಅರಣ್ಯದಲ್ಲಿ ಮನುಷ್ಯರೇ ಇಲ್ಲವೆಂಬ ಎಣಿಕೆ ಆ ನುಡಿಯೊಳಗೆ ಅಡಗಿದೆ. ನಾಡಿನ ಆಡಳಿತವೂ ಬಹುಕಾಲ ಇದೇ ಎಣಿಕೆಯಿಂದ ನಡೆದುಬಂದಿತು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವೃತ್ತಾಂತವೇ ಇದಕ್ಕೆ ನಿದರ್ಶನ.

ಸೋಲಿಗರು ಬೆಟ್ಟದ ರಂಗನಾಥನನ್ನು ಭಾವನೆಂದು ಕರೆಯುವರು; ತಮ್ಮ ಕುಲದ ಹೆಣ್ಣನ್ನು ಸ್ವಾಮಿಗೆ ಕೊಟ್ಟೆವೆಂಬುದು ಅವರ ನಂಬಿಕೆ. ದೊಡ್ಡಸಂಪಿಗೆಯ ಮರವೂ ಹುಲಿವೀರಪ್ಪನೂ ಅವರಿಗೆ ದೈವಗಳು. 1974ರಲ್ಲಿ ಈ ಬೆಟ್ಟಸಾಲು ವನ್ಯಜೀವಿಧಾಮವಾಯಿತು. ಕಾಡಿನೊಳಗೆ ಚದುರಿದ್ದ ನೆಲೆಗಳಿಂದ ಸೋಲಿಗರನ್ನು ಎಬ್ಬಿಸಿ ಪೋಡುಗಳಲ್ಲಿ ನಿಲ್ಲಿಸಿದರು. ಬೇಟೆಯೂ ಬೆಂಕಿಯೂ ನಿಷಿದ್ಧವಾದುವು. ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯ ತರುವಾಯ ಮಾರಾಟಕ್ಕಾಗಿ ನೆಲ್ಲಿ, ಜೇನು ತರುವುದೂ ನಿಂತಿತು. ಬೇಟೆಯನ್ನು ತಡೆದುದು ಯುಕ್ತವೆಂದೇ ಇರಲಿ. ಬೆಂಕಿಯ ವಿಷಯ ಮಾತ್ರ ವಿಚಾರಾರ್ಹವಾದುದು.

ಬೇಸಗೆಯ ಮೊದಲಲ್ಲಿ ನೆಲದ ಮೇಲಿನ ಒಣ ಎಲೆಗೆ ಸಣ್ಣ ಬೆಂಕಿ ಹಾಕುವುದು ಸೋಲಿಗರ ಹಳೆಯ ಪದ್ಧತಿ. ಅವರ ಮಾತಿನಲ್ಲಿ ಅದು ತರಗು ಬೆಂಕಿ. ಹೊತ್ತಿಗೆ ಮುಂಚೆ ಹಾಕಿದ ಬೆಂಕಿ ನೆಲವನ್ನು ನೆಕ್ಕಿ ಮರವನ್ನು ಬಿಡುವುದು. ಅದು ನಿಂತಮೇಲೆ ಅಮೆರಿಕದಿಂದ ಬಂದ ಲಂಟಾನದ ಪೊದೆ ಕಾಡಿನ ತಳವನ್ನು ಕವಿಯಿತೆಂದೂ, ಹುಲ್ಲೂ ಎಳೆಯ ಸಸಿಗಳೂ ಅದರಡಿ ಅಡಗಿಹೋದುವೆಂದೂ, ನೆಲ್ಲಿಯ ಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತೆಂದೂ ಸೋಲಿಗರು ಹೇಳುತ್ತಲೇ ಬಂದರು. ಕಾಯಿ ಕೀಳುವವರ ದುರಾಸೆಯಿಂದಲೇ ನೆಲ್ಲಿ ಕ್ಷೀಣಿಸಿತೆಂಬುದು ಇತ್ತಲಿನವರ ಆರೋಪ. ಮುಂದೆ, 2010ರ ಸುಮಾರಿಗೆ, ಸಂಶೋಧಕರೇ ಸೋಲಿಗರ ವಿವರಣೆಯನ್ನು ಗಂಭೀರವಾಗಿ ಪರಿಶೀಲಿಸಿ ವಿದ್ವತ್ಪತ್ರಿಕೆಗಳಲ್ಲಿ ಬರೆದರು. ಅವರು ಹೇಳಿದುದು ಎಂದು, ಇವರು ಕೇಳಿದುದು ಎಂದು? ಆ ನಡುವಣ ಕಾಲವೆಲ್ಲ ಲಂಟಾನಕ್ಕೆ ಸಂದಿತು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಕಾಡಿನವರು ಕಂಡುದನ್ನು ಹೇಳಬಲ್ಲರೇ ಹೊರತು ಕಾರಣವನ್ನು ಅರಿಯಲಾರರು. ಶಾಸ್ತ್ರಜ್ಞರೇ ನಿರ್ಣಯಿಸತಕ್ಕದ್ದು ಎಂಬುದು ಅದರ ಸಾರ. ಈ ಪಕ್ಷದವರು ಚರಕಸಂಹಿತೆಯನ್ನೇ ಸಾಕ್ಷಿಗೆ ಕರೆದಾರು. ಕುರಿ, ಆಡು, ದನ ಕಾಯುವವರೂ ವನವಾಸಿಗಳೂ ಓಷಧಿಗಳನ್ನು ಹೆಸರಿನಿಂದಲೂ ರೂಪದಿಂದಲೂ ಬಲ್ಲರೆಂದು ಅದರ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿದೆ. ಆದರೆ ಅಷ್ಟರಿಂದಲೇ ಪ್ರಯೋಗಜ್ಞಾನ ಬಾರದೆಂದು ಕೂಡಲೇ ಹೇಳಿದೆ. ದಿಟವೇ. ಆದರೆ ವೈದ್ಯನು ಯಾರಿಂದ ಆರಂಭಿಸಬೇಕೆಂಬುದೂ ಅಲ್ಲಿಯೇ ಇದೆಯಲ್ಲವೆ? ಗಿಡವನ್ನೇ ಗುರುತಿಸದವನು ಯಾವುದನ್ನು ಪ್ರಯೋಗಿಸುವನು? ಮೇಲಾಗಿ, ಯಾವ ತಿಂಗಳಲ್ಲಿ, ಯಾವ ಗಾಳಿಯಲ್ಲಿ ಬೆಂಕಿ ಹಾಕಬೇಕೆಂಬ ಅರಿವು ನಾಮರೂಪಗಳ ಅರಿವಲ್ಲ, ಪ್ರಯೋಗಜ್ಞಾನವೇ ಅದು.

ನ್ಯಾಯಶಾಸ್ತ್ರದ ಸಿದ್ಧಾಂತವು ಇನ್ನೂ ಸ್ಪಷ್ಟವಾಗಿದೆ. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆ ತಿಳಿಸಬಯಸುವವನೇ ಆಪ್ತನು. ಅವನ ಮಾತು ಪ್ರಮಾಣ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ವಾತ್ಸ್ಯಾಯನನ ಭಾಷ್ಯವೇ ಒಪ್ಪಿದೆ. ಹಾಗಿರುವಲ್ಲಿ ಕಚೇರಿಯ ಮೊಹರು ಆಪ್ತತ್ವದ ಲಕ್ಷಣವೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಸೋಲಿಗರ ಪ್ರತಿಯೊಂದು ಮಾತೂ ತಪ್ಪಿಲ್ಲದುದೆಂದು ಇದರ ಅರ್ಥವಲ್ಲ. ಪರೀಕ್ಷೆಗೆ ಅವರ ಮಾತೂ ಒಳಗಾಗಲಿ, ಅಧಿಕಾರಿಯ ಮಾತೂ ಒಳಗಾಗಲಿ. ಒಬ್ಬನ ಮಾತನ್ನು ಪರೀಕ್ಷೆಯಿಲ್ಲದೆ ತಳ್ಳಿ, ಇನ್ನೊಬ್ಬನದನ್ನು ಪರೀಕ್ಷೆಯಿಲ್ಲದೆ ಕೊಳ್ಳುವುದು ಮಾತ್ರ ಅನ್ಯಾಯ.

ಆರೋಗ್ಯದ ವಿಷಯದಲ್ಲಿಯೂ ಇದೇ ನ್ಯಾಯ. ಗೆಡ್ಡೆ, ಸೊಪ್ಪು, ಜೇನುಗಳ ಕಾಡು ಮುಚ್ಚಿದರೆ ಊಟದ ತಣಿಗೆಯೂ ಬರಿದಾಗುವುದು. ಅದನ್ನು ಮೊದಲು ಅರಿಯುವವಳು ಅಡಿಗೆ ಮಾಡುವ ತಾಯಿ, ಔಷಧ ಕೊಡುವ ವೈದ್ಯನಲ್ಲ. 1981ರಲ್ಲಿ ಡಾಕ್ಟರ್ ಎಚ್. ಸುದರ್ಶನರು ಈ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಚಿಕಿತ್ಸೆಯಿಂದ ಮೊದಲಾದ ಆ ಕಾರ್ಯವು ವಿದ್ಯೆ, ಜೀವನೋಪಾಯ, ಸಂಘಟನೆಗಳಿಗೆ ಹಬ್ಬಿತು. ರೋಗದ ಬೇರು ರೋಗಿಯ ಮೈಯೊಳಗೆ ಮಾತ್ರವೇ ಇರುವುದಿಲ್ಲವಷ್ಟೆ. ಈಗ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯದ ರಕ್ತರೋಗವನ್ನು 2047ರೊಳಗೆ ನಿವಾರಿಸುವೆವೆಂದು ಕೇಂದ್ರ ಸರ್ಕಾರವು 2023ರಲ್ಲಿ ಸಂಕಲ್ಪಿಸಿದೆ. ಸೋಲಿಗರಲ್ಲಿಯೂ ಆ ರೋಗವುಂಟು. ಸಂಕಲ್ಪ ಶ್ಲಾಘ್ಯವೇ. ಆದರೆ ರಕ್ತ ತೆಗೆದು ಕೈಗೆ ಚೀಟಿ ಕೊಟ್ಟರೆ ಮುಗಿಯಿತೆ? ಆ ಚೀಟಿ ನಾಳೆ ಒಂದು ಹೆಣ್ಣುಮಗಳ ಮದುವೆಗೆ ಅಡ್ಡ ಬಂದರೆ ಉತ್ತರ ಹೇಳುವವರಾರು? ಪೋಡಿನ ಹಿರಿಯರೂ ಹೆಂಗಸರೂ ಕೂಡಿ ಕುಳಿತು, ತಿಳಿದು, ಒಪ್ಪಿ ನಡೆಸಿದರೆ ಅದು ರಕ್ಷೆ; ಇಲ್ಲವಾದರೆ ಕಳಂಕ.

ಈ ದಿನಗಳಲ್ಲಿ ಜನರ ಮಾತನ್ನು ಕೇಳುವೆವೆಂದು ಹೇಳದ ಅಧಿಕಾರಿಯೇ ಇಲ್ಲ. ಸಭೆ ಕೂಡುವುದು, ಜಮಖಾನ ಹಾಸುವುದು, ಮೊದಲೇ ಬರೆದುತಂದ ನಿರ್ಣಯಕ್ಕೆ ಹೆಬ್ಬೆಟ್ಟು ಒತ್ತಿಸುವುದು. ಇದು ಶ್ರವಣವಲ್ಲ, ಶ್ರವಣದ ನಾಟಕ. ಊರ ಪ್ರಮುಖನೊಬ್ಬನ ಮಾತನ್ನು ಊರಿನ ಮಾತೆಂದು ಬರೆದುಕೊಳ್ಳುವುದೂ ಅದೇ ನಾಟಕದ ಇನ್ನೊಂದು ಅಂಕ. ನಿಜವಾದ ಶ್ರವಣಕ್ಕೆ ಒಂದೇ ಒರೆಗಲ್ಲು: ಬೇಡವೆಂದರೆ ನಿಲ್ಲುವುದೆ? ಕಾನೂನು ಈ ಒರೆಗಲ್ಲನ್ನು ಒಪ್ಪಿಕೊಂಡಿದೆ. 2006ರ ಅರಣ್ಯಹಕ್ಕು ಕಾಯಿದೆ ಹಕ್ಕಿನ ನಿರ್ಣಯವನ್ನು ಗ್ರಾಮಸಭೆಯಿಂದಲೇ ಆರಂಭಿಸುವುದು. ಹುಲಿಯ ನೆಲೆಯಿಂದ ಜನರನ್ನು ಎಬ್ಬಿಸಲು ಗ್ರಾಮಸಭೆಯ ತಿಳಿವಳಿಕೆಯುಳ್ಳ ಸಮ್ಮತಿ ಬೇಕೆಂದು ವನ್ಯಜೀವಿ ಕಾಯಿದೆಯೂ ವಿಧಿಸಿದೆ. 2011ರಲ್ಲಿ ಈ ಬೆಟ್ಟ ಹುಲಿಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಾಮುದಾಯಿಕ ಅರಣ್ಯಹಕ್ಕಿನ ಪತ್ರಗಳೂ ದೊರೆತುವು. ಹುಲಿಗೂ ಹುಲಿವೀರಪ್ಪನ ಒಕ್ಕಲಿಗೂ ಒಂದೇ ಕಾಡಿನಲ್ಲಿ ಎಡೆಯುಂಟೆಂದು ಅದರ ತಾತ್ಪರ್ಯ.

ಪತ್ರ ಬಂದುದು ಲೇಸಾಯಿತು. ಆದರೆ ಕಾಡು ಮರಳಿ ಚಿಗುರಬೇಕಾದರೆ ಪತ್ರದೊಡನೆ ಕಿವಿಯೂ ಬೇಕು. ಬೆಂಕಿ ಯಾವಾಗ, ಎಲ್ಲಿ, ಎಷ್ಟು ಎಂಬ ಪ್ರಶ್ನೆ ಏಳುವಾಗ ಸೋಲಿಗನು ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲತಕ್ಕವನಲ್ಲ, ಪಂಚಾಯಿತಿಯ ಜಗುಲಿಯಲ್ಲಿ ಕುಳಿತುಕೊಳ್ಳತಕ್ಕವನು. ಅಲ್ಲಿಯವರೆಗೆ ಅರಣ್ಯರೋದನವೆಂಬ ನುಡಿಯು ಅತ್ತವರ ಕುಂದನ್ನಲ್ಲ, ಕೇಳದವರ ಕುಂದನ್ನೇ ಸಾರುತ್ತಿರುವುದು.