ಚೀಟಿ ಲೆಕ್ಕ ಬರುತ್ತೆ, ಸಂಬಳದ ಚೀಟಿ?

ವಯಸ್ಕರ ಶಿಕ್ಷಣ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸ್ಲೇಟು ಹಿಡಿದ ಅಜ್ಜಿ, ರಾತ್ರಿ ಶಾಲೆ, ಹೆಬ್ಬೆಟ್ಟು ಹೋಗಿ ಸಹಿ ಬಂದ ಸಂಭ್ರಮ. 1988ರಲ್ಲಿ ಶುರುವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಕಾಲದ ಚಿತ್ರ ಅದು. ಆ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಇವತ್ತು ಬೆಂಗಳೂರಿನ ಗಾರ್ಮೆಂಟ್ಸ್ ಗೇಟಿನೊಳಗೆ ಓಡುವ ಹೆಂಗಸರಲ್ಲಿ ಎಷ್ಟೋ ಜನ ಏಳನೆಯದೋ ಹತ್ತನೆಯದೋ ಓದಿದವರು. ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಲು ಬಂದರೆ ಜನಗಣತಿಯವರಿಗೆ ಸಾಕು, ನೀವು ಸಾಕ್ಷರರು. 2011ರ ಗಣತಿಯಲ್ಲಿ ಕರ್ನಾಟಕದ ಏಳು ವರ್ಷ ದಾಟಿದವರಲ್ಲಿ ಶೇಕಡಾ 75ರಷ್ಟು ಮಂದಿ ಹೀಗೆ ಪಾಸಾಗಿದ್ದಾರೆ.

ಪಾಸಾದವರ ಕೈಗೆ ಒಂದು ಸಂಬಳದ ಚೀಟಿ ಕೊಟ್ಟು ನೋಡಿ.

ನಮ್ಮ ಆಫೀಸಿನ ಹೌಸ್‌ಕೀಪಿಂಗ್ ಅಕ್ಕ ಒಬ್ಬರು ದಿನಾ ಮಧ್ಯಾಹ್ನ ಊಟ ಆದ ಮೇಲೆ ಕನ್ನಡ ಪೇಪರ್ ಓದುತ್ತಾರೆ. ಮೊನ್ನೆ ಏಜೆನ್ಸಿ ಕೊಟ್ಟ ಪೇ ಸ್ಲಿಪ್ ತಂದು "ಸಾರ್, ಏನೇನ್ ಹಿಡ್ಕೊಂಡವ್ರೆ ನೋಡಿ" ಅಂದರು. ಅದರಲ್ಲಿ ಕನ್ನಡದ ಒಂದಕ್ಷರ ಇಲ್ಲ. ವಿ.ಡಿ.ಎ., ಇ.ಪಿ.ಎಫ್., ಇ.ಎಸ್.ಐ., ಎಲ್.ಒ.ಪಿ... ವಿ.ಡಿ.ಎ. ಅಂದ್ರೆ ತುಟ್ಟಿಭತ್ಯೆ ಅಂತ ಇಂಜಿನಿಯರಿಂಗ್ ಓದಿದ ನಾನೇ ಹುಡುಕಿ ನೋಡಬೇಕಾಯ್ತು :-) "ಪಿ.ಎಫ್. ಹನ್ನೆರಡು ಪರ್ಸೆಂಟ್" ಅಂದೆ. ಸುಮ್ಮನೆ ನಿಂತರು. "ನೂರಕ್ಕೆ ಹನ್ನೆರಡು ರೂಪಾಯಿ" ಅಂದ ತಕ್ಷಣ, "ಹಂಗಾದ್ರೆ ಹದಿನೈದು ಸಾವಿರಕ್ಕೆ ಸಾವಿರದ ಎಂಟುನೂರು, ಸರಿಯಾಗೈತೆ. ಕಂಪ್ನಿಯೋರು ಹಾಕೋದು ಎಲ್ಲೈತೆ?" ಅಂತ ಕೇಳಿದರು. ಸ್ಲಿಪ್ಪಿನಲ್ಲಿ ಅದು ಇರಲೇ ಇಲ್ಲ!

ಇವರು ತಮ್ಮ ಬೀದಿಯಲ್ಲಿ ಇಪ್ಪತ್ತು ಜನರ ಚೀಟಿ ನಡೆಸುತ್ತಾರೆ. ತಲಾ ಎರಡು ಸಾವಿರ, ಒಟ್ಟು ನಲವತ್ತು. ಯಾರೋ ಆರು ಸಾವಿರ ಬಿಟ್ಟು ಕೂಗಿದರೆ ಆ ತಿಂಗಳು ತಲಾ ಮುನ್ನೂರು ಕಮ್ಮಿ, ಸಾವಿರದ ಏಳುನೂರು ಕಟ್ಟಬೇಕು. ಪೆನ್ನು ಪೇಪರ್ ಏನೂ ಬೇಡ. ಇಂಥವರಿಗೆ 'ಗಣಿತ ಕೌಶಲ್ಯ ಇಲ್ಲ' ಅಂತ ವರದಿ ಬರೆಯುವವರನ್ನು ಒಂದು ಚೀಟಿ ಕೂಗುವ ಜಾಗಕ್ಕೆ ಕರ್ಕೊಂಡು ಹೋಗಬೇಕು. ಲೆಕ್ಕ ಬರುತ್ತೆ. ಬರದೇ ಇರೋದು ಆ ಕಾಗದದ ಭಾಷೆ.

2016 ನೆನಪಿದೆಯಾ? ಕಂಪನಿ ಪಾಲಿನ ಪಿ.ಎಫ್. ಹಣವನ್ನು 58 ವರ್ಷದ ತನಕ ಮುಟ್ಟುವಂತಿಲ್ಲ ಅಂತ ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಏಪ್ರಿಲ್ 18, 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಬಸ್ಸುಗಳಿಗೆ ಬೆಂಕಿ ಬಿದ್ದದ್ದೂ ನಿಜ, ಅದನ್ನು ಸಮರ್ಥಿಸಲ್ಲ. 19ನೇ ತಾರೀಕು ಸರ್ಕಾರ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಮಗಳ ಮದುವೆಗೋ ಮನೆ ಭೋಗ್ಯಕ್ಕೋ ಇಟ್ಟುಕೊಂಡ ದುಡ್ಡು ಅದು. ಅದರ ಬೆಲೆ ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಕಂಪನಿಯ ಹನ್ನೆರಡರಲ್ಲಿ 8.33 ಪಿಂಚಣಿಗೆ ಹೋಗುತ್ತೆ, ಅದಕ್ಕೇ ಪಾಸ್‌ಬುಕ್ಕಿನಲ್ಲಿ ಎರಡು ಪಾಲು ಸಮ ಇರಲ್ಲ ಅನ್ನೋದನ್ನು ಯಾರಾದರೂ ಕೂತು ಹೇಳಬೇಕು. ಇಲ್ಲದಿದ್ದರೆ ಗಾಳಿಮಾತೇ ಗತಿ.

ಹೇಳೋದು ಯಾವಾಗ? ಕೆಲಸದ ವೇಳೆಯಲ್ಲೇ, ಸಂಬಳ ಕೊಟ್ಟು. ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂತು, ಮನೆಗೆ ಹೋಗಿ ಮುದ್ದೆ ತೊಳೆಸುವ ಹೆಂಗಸಿಗೆ ಸಂಜೆ ಏಳಕ್ಕೆ ಕ್ಲಾಸಿಗೆ ಬಾ ಅನ್ನೋದು ಕ್ರೌರ್ಯ. ಬ್ರಿಟನ್ನಿನಲ್ಲಿ 2002ರ ಕಾಯ್ದೆಯಲ್ಲೇ, ಜೊತೆಯವರ ಕಲಿಕೆಗೆ ನೆರವಾಗುವ ಯೂನಿಯನ್ ಪ್ರತಿನಿಧಿಗಳಿಗೆ ಆ ಕೆಲಸಕ್ಕಾಗಿ ಸಂಬಳ ಸಹಿತ ಬಿಡುವು ಕೊಟ್ಟರು. ನಮ್ಮಲ್ಲಿ ಸಾಫ್ಟ್‌ವೇರ್‌ನವರಿಗೆ ಏಸಿ ರೂಮಿನಲ್ಲಿ, ಕಾಫಿ ಬಿಸ್ಕತ್ತಿನ ಜೊತೆ ಟ್ರೈನಿಂಗು. ಟೈಲರ್‌ಗೆ ವಾರಕ್ಕೆ ಒಂದು ಗಂಟೆ ಕೊಟ್ಟರೆ ಪ್ರೊಡಕ್ಷನ್ ಬಿದ್ದುಹೋಗುತ್ತಂತೆ.

ಇನ್ನು ಕನ್ನಡದ ವಿಷಯ. 1948ರ ಕಾರ್ಖಾನೆ ಕಾಯ್ದೆಯಲ್ಲೇ ನೋಟಿಸುಗಳು ಇಂಗ್ಲಿಷ್ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಅಂತ ಬರೆದಿತ್ತು. ಗೋಡೆಗೆ ಹಾಕುವ ನೋಟಿಸಿಗೆ ಆ ಮರ್ಯಾದೆ ಸಿಕ್ಕರೆ ಕೈಗೆ ಕೊಡುವ ಚೀಟಿಗೆ ಯಾಕಿಲ್ಲ? 'ಸಿಸ್ಟಮ್‌ನಲ್ಲಿ ಕನ್ನಡ ಬರಲ್ಲ' ಅನ್ನೋ ನೆಪವನ್ನು ಯೂನಿಕೋಡ್‌ನಲ್ಲಿ ಬ್ಲಾಗ್ ಕುಟ್ಟುವ ನಮ್ಮ ಮುಂದಂತೂ ಹೇಳಬೇಡಿ. ಹೆಚ್ಚೆಂದರೆ ಮೂವತ್ತು ಪದ, ಒಂದು ಭಾನುವಾರದ ಕೆಲಸ. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರಿಗೆ ಚೀಟಿ ಅವರ ಭಾಷೆಯಲ್ಲೇ ಇರಲಿ. ಇ.ಎಸ್.ಐ. ಆಸ್ಪತ್ರೆಯಲ್ಲಿ ಎಲ್ಲಿ ನೋವು ಅಂತ ಹೇಳುವಷ್ಟು ಕನ್ನಡವನ್ನೂ ಅದೇ ಒಂದು ಗಂಟೆಯಲ್ಲಿ ಕಲಿಸಲಿ.

ಪಟ್ಟಿ ನಾನು ಶುರು ಮಾಡಿದ್ದೇನೆ. ಗ್ರಾಸ್ = ಒಟ್ಟು ಸಂಬಳ. ನೆಟ್ = ಕೈಗೆ ಬರುವುದು. ಡಿಡಕ್ಷನ್ = ಹಿಡಿದದ್ದು. ಎಲ್.ಒ.ಪಿ. = ಸಂಬಳ ಇಲ್ಲದ ರಜೆ. 'ಭವಿಷ್ಯ ನಿಧಿ' ಬೇಡವೇ ಬೇಡ, ಎಲ್ಲರ ಬಾಯಲ್ಲೂ ಪಿ.ಎಫ್. ಅಂತಲೇ ಇದೆ, ಹಾಗೇ ಇರಲಿ. ವಿ.ಡಿ.ಎ.ಗೆ ಮಾತ್ರ 'ತುಟ್ಟಿಭತ್ಯೆ' ಬಿಟ್ಟು ಬೇರೆ ಹೊಳೆದಿಲ್ಲ. ನಿಮಗೇನಾದ್ರೂ ಹೊಳೆದರೆ ಹೇಳಿ.